ಕ್ಯಾಂಪಸ್ ಪ್ರಿಂಟರ್‌ಗೆ ಸ್ವಂತ ಲ್ಯಾಪ್‌ಟಾಪ್ ಸೇರಿಸುವುದು ಹೇಗೆ? ಗೊತ್ತಿದ್ದವರು ಹೇಳಿ

ಹಾಸ್ಟೆಲ್‌ರೂಮು:
ದಕ್ಷಿಣ ಕೊಡಗಿನ ಒಂದು ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್ ರಿಪೋರ್ಟ್ ಕೊಡುವ ಸಮಯ. ಲೈಬ್ರರಿಯಲ್ಲಿ ದೊಡ್ಡ ಪ್ರಿಂಟರ್ ಒಂದಿದೆ, ನಮ್ಮ ವಿಭಾಗದಲ್ಲಿ ಚಿಕ್ಕದು ಒಂದಿದೆ. ಲ್ಯಾಬ್ ಕಂಪ್ಯೂಟರ್‌ನಿಂದ ಎರಡಕ್ಕೂ ಪ್ರಿಂಟ್ ಹೋಗುತ್ತದೆ, ನನ್ನ ಲ್ಯಾಪ್‌ಟಾಪ್‌ನಿಂದ ಮಾತ್ರ ಏನು ಮಾಡಿದರೂ ಇಲ್ಲ. ವಿಂಡೋಸ್ 11. ಕಾಲೇಜಿನ ವೈಫೈನಲ್ಲೇ ಇದ್ದೇನೆ, ಇಂಟರ್ನೆಟ್ ಚೆನ್ನಾಗಿದೆ, ಆದರೆ "ಆಡ್ ಡಿವೈಸ್" ಒತ್ತಿದರೆ ಸುಮ್ನೆ ಸುತ್ತುತ್ತಾ ಇರುತ್ತದೆ, ಪಟ್ಟಿಯಲ್ಲಿ ಏನೂ ಬರುವುದಿಲ್ಲ. ಪ್ರಿಂಟರ್ ಕಂಪನಿಯ ಡ್ರೈವರ್, ಅಂದರೆ ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್, ಇಳಿಸಿ ಹಾಕಿದೆ. ಅದೂ "ಪ್ರಿಂಟರ್ ನಾಟ್ ಫೌಂಡ್" ಅನ್ನುತ್ತದೆ. ಲ್ಯಾಬ್ ಸಂಜೆ ಬೇಗ ಮುಚ್ಚುತ್ತದೆ. ಈ ಮಳೆಯಲ್ಲಿ ಪ್ರತಿ ಸಲ ಗೋಣಿಕೊಪ್ಪಕ್ಕೆ ಬಸ್ ಹತ್ತಿ ಝೆರಾಕ್ಸ್ ಅಂಗಡಿಗೆ ಹೋಗುವುದು ಸಾಕಾಗಿದೆ. ಯಾರಾದರೂ ದಾರಿ ಹೇಳಿ.

ಮಡಿಕೇರಿಮಂಜು_07:
ಪಿಡಿಎಫ್ ಮಾಡಿ ಅಂಗಡಿಯವನಿಗೆ ವಾಟ್ಸಾಪ್ ಮಾಡಿ, ಹೋಗಿ ಎತ್ತಿಕೊಂಡು ಬನ್ನಿ. ಇಷ್ಟಕ್ಕೆ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ?

ಹಾಸ್ಟೆಲ್‌ರೂಮು:
ಎತ್ತಿಕೊಂಡು ಬರುವುದಕ್ಕೂ ಬಸ್ ಹತ್ತಲೇಬೇಕು ಅಲ್ವಾ? ಗೈಡ್ ದಿನಾ ಎರಡು ಪುಟ ತಿದ್ದಿ ವಾಪಸ್ ಕೊಡುತ್ತಾರೆ. ಎರಡು ಪುಟಕ್ಕೆ ಗೋಣಿಕೊಪ್ಪ.

ಸೋಮವಾರಪೇಟೆಯವ:
ನಾನು ನೆಟ್‌ವರ್ಕ್ ಕೆಲಸದಲ್ಲಿದ್ದೇನೆ, ಈಗ ಮೈಸೂರಿನಲ್ಲಿ. ಕ್ಯಾಂಪಸ್‌ಗಳಲ್ಲಿ ಇದನ್ನು ಬೇಕಾದಷ್ಟು ನೋಡಿದ್ದೇನೆ. ಎಲ್ಲರೂ ಮೊದಲು ಡ್ರೈವರ್ ಮೇಲೆ ಅನುಮಾನ ಪಡುತ್ತಾರೆ, ಇಳಿಸುತ್ತಾರೆ, ತೆಗೆಯುತ್ತಾರೆ, ಮತ್ತೆ ಇಳಿಸುತ್ತಾರೆ. ನಿಮ್ಮ ವಿಷಯದಲ್ಲಿ ಡ್ರೈವರ್‌ಗೆ ಇನ್ನೂ ಕೆಲಸವೇ ಶುರುವಾಗಿಲ್ಲ. ಲ್ಯಾಪ್‌ಟಾಪ್‌ಗೆ ಪ್ರಿಂಟರ್ ಕಾಣುತ್ತಲೇ ಇಲ್ಲ.

ಪಟ್ಟಿಯಲ್ಲಿ ತಾನಾಗಿ ಪ್ರಿಂಟರ್ ಬರುವುದು ಹೇಗೆ ಅಂದರೆ, ಲ್ಯಾಪ್‌ಟಾಪ್ "ಇಲ್ಲಿ ಯಾರಾದರೂ ಪ್ರಿಂಟರ್ ಇದ್ದೀರಾ" ಎಂದು ನೆಟ್‌ವರ್ಕ್‌ನಲ್ಲಿ ಕೂಗುತ್ತದೆ. ಎಂಡಿಎನ್‌ಎಸ್ ಅನ್ನುತ್ತಾರೆ, ಪೋರ್ಟ್ 5353. ತೋಟದ ಲೈನ್‌ಮನೆಯ ಅಂಗಳದಲ್ಲಿ ನಿಂತು ಕೂಗಿದರೆ ಆ ಲೈನ್‌ನವರಿಗೆ ಕೇಳುತ್ತದೆ, ಪಕ್ಕದ ತೋಟಕ್ಕೆ ಕೇಳುವುದಿಲ್ಲ ಅಲ್ವಾ, ಹಾಗೇ ಈ ಕೂಗು ರೂಟರ್ ದಾಟಿ ಹೋಗುವುದಿಲ್ಲ. ಮನೆಯಲ್ಲಿ ಲ್ಯಾಪ್‌ಟಾಪು ಪ್ರಿಂಟರು ಎರಡೂ ಒಂದೇ ನೆಟ್‌ವರ್ಕ್, ಆದ್ದರಿಂದ ತಕ್ಷಣ ಸಿಗುತ್ತದೆ. ಕ್ಯಾಂಪಸ್‌ನಲ್ಲಿ ವಿದ್ಯಾರ್ಥಿಗಳ ವೈಫೈ ಒಂದು ವಿಎಲ್ಯಾನ್ (ಬೇರೆ ಮಾಡಿಟ್ಟ ನೆಟ್‌ವರ್ಕ್ ಭಾಗ), ಆಫೀಸು ಮತ್ತು ಲ್ಯಾಬ್ ಇನ್ನೊಂದು. ಪ್ರಿಂಟರ್‌ಗಳು ಸಾಮಾನ್ಯವಾಗಿ ಎರಡನೆಯದರಲ್ಲಿ ಇರುತ್ತವೆ. ಇದರ ಜೊತೆ ಎಷ್ಟೋ ಕಡೆ ವೈಫೈನಲ್ಲಿ ಕ್ಲೈಂಟ್ ಐಸೊಲೇಶನ್ ಹಾಕಿರುತ್ತಾರೆ. ಅಂದರೆ ಒಂದೇ ವೈಫೈನಲ್ಲಿದ್ದರೂ ಒಬ್ಬರ ಸಾಧನ ಇನ್ನೊಬ್ಬರದಕ್ಕೆ ಕಾಣುವುದಿಲ್ಲ.

ಹಾಗಾಗಿ ಹುಡುಕುವುದನ್ನು ಬಿಡಿ. ಪ್ರಿಂಟರ್‌ನ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಅದರ ಮನೆ ನಂಬರ್, ತಿಳಿದುಕೊಳ್ಳಿ. ಅದರ ಪರದೆಯಲ್ಲಿ ನೆಟ್‌ವರ್ಕ್ ಮೆನುವಿನಲ್ಲಿ ಇರುತ್ತದೆ, ಇಲ್ಲವಾದರೆ "ಕಾನ್ಫಿಗರೇಶನ್ ಪೇಜ್" ಅಂತ ಒಂದು ಹಾಳೆ ತೆಗೆಯಬಹುದು, ಅದರಲ್ಲಿ ಎಲ್ಲಾ ಇರುತ್ತದೆ. ಆಮೇಲೆ ನಿಮ್ಮ ಲ್ಯಾಪ್‌ಟಾಪ್‌ನ ಬ್ರೌಸರ್ ತೆರೆದು ವಿಳಾಸದ ಜಾಗದಲ್ಲಿ ಆ ಐಪಿ ಹೊಡೆಯಿರಿ. ಪ್ರಿಂಟರ್‌ನ ಸ್ವಂತ ಪುಟ ತೆರೆದರೆ ದಾರಿ ಇದೆ ಎಂದು ಅರ್ಥ. ಪಿಂಗ್ (ಆ ವಿಳಾಸದಿಂದ ಉತ್ತರ ಬರುತ್ತದೆಯಾ ಎಂದು ನೋಡುವ ಆಜ್ಞೆ) ಕೂಡ ಮಾಡಿ, ಆದರೆ ಪಿಂಗ್‌ಗೆ ಉತ್ತರ ಬರಲಿಲ್ಲ ಅಂತ ಕೈಬಿಡಬೇಡಿ, ಕೆಲವು ಕಡೆ ಅದನ್ನು ಮಾತ್ರ ತಡೆದಿರುತ್ತಾರೆ. ಐಪಿ 169.254 ಎಂದು ಶುರುವಾಗಿದ್ದರೆ ಪ್ರಿಂಟರ್‌ಗೇ ನೆಟ್‌ವರ್ಕ್ ಸಿಕ್ಕಿಲ್ಲ, ಅದು ನಿಮ್ಮ ಕೈಯಲ್ಲಿಲ್ಲ.

ಹಾಸ್ಟೆಲ್‌ರೂಮು:
ನೋಡಿದೆ. ವಿಭಾಗದ ಚಿಕ್ಕ ಪ್ರಿಂಟರ್: ಬ್ರೌಸರ್‌ನಲ್ಲೂ ಇಲ್ಲ, ಪಿಂಗ್ ಕೂಡ "ರಿಕ್ವೆಸ್ಟ್ ಟೈಮ್ಡ್ ಔಟ್". ಲೈಬ್ರರಿಯ ದೊಡ್ಡದು: ಹಾಸ್ಟೆಲ್ ವೈಫೈನಿಂದ ಇಲ್ಲ, ಆದರೆ ಲೈಬ್ರರಿ ವೈಫೈಗೆ ಬದಲಾಯಿಸಿ ನೋಡಿದರೆ ಪುಟ ತೆರೆಯಿತು! ಬ್ರೌಸರ್ "ಸುರಕ್ಷಿತ ಅಲ್ಲ" ಎಂದು ಎಚ್ಚರಿಸಿತು, ಆಮೇಲೆ ಟೋನರ್ ಎಷ್ಟಿದೆ ಅಂತ ಚಿತ್ರ ಬಂತು.

ಸೋಮವಾರಪೇಟೆಯವ:
ಆ ಎಚ್ಚರಿಕೆ ಸಹಜ, ಪ್ರಿಂಟರ್ ತನಗೆ ತಾನೇ ಮಾಡಿಕೊಂಡ ಪ್ರಮಾಣಪತ್ರ ಅದು. ಹಾಗಂತ ಬೇರೆ ಸೈಟ್‌ಗಳಲ್ಲಿ ಇದೇ ಎಚ್ಚರಿಕೆ ಬಂದಾಗ ಮುಂದೆ ಒತ್ತಿಕೊಂಡು ಹೋಗಬೇಡಿ.

ಲೈಬ್ರರಿಯಲ್ಲಿ ಕುಳಿತೇ ಮಾಡಿ. ಸೆಟ್ಟಿಂಗ್ಸ್, ಬ್ಲೂಟೂತ್ ಆಂಡ್ ಡಿವೈಸಸ್, ಪ್ರಿಂಟರ್ಸ್ ಆಂಡ್ ಸ್ಕ್ಯಾನರ್ಸ್, ಅಲ್ಲಿ "ಆಡ್ ಡಿವೈಸ್" ಒತ್ತಿ ಸ್ವಲ್ಪ ಕಾಯಿರಿ. ಕೆಳಗೆ "ಆಡ್ ಮ್ಯಾನ್ಯುವಲಿ" ಎಂದು ಬರುತ್ತದೆ. ಅದರಲ್ಲಿ ಐಪಿ ವಿಳಾಸ ಕೊಟ್ಟು ಸೇರಿಸುವ ಆಯ್ಕೆ. ಡಿವೈಸ್ ಟೈಪ್ ಕೇಳಿದಾಗ ಟಿಸಿಪಿ ಐಪಿ ಡಿವೈಸ್ ಕೊಡಿ, ವೆಬ್ ಸರ್ವಿಸಸ್ ಬೇಡ. ವೆಬ್ ಸರ್ವಿಸಸ್ ಪೋರ್ಟ್‌ನಲ್ಲಿ ಹಾಕಿದ ಪ್ರಿಂಟರ್ ಸುಮ್ಮಸುಮ್ಮನೆ ಆಫ್‌ಲೈನ್ ಆಗುತ್ತದೆ. ಟಿಸಿಪಿ ಐಪಿಯಲ್ಲಿ ಕೆಲಸ ನೇರವಾಗಿ ಪೋರ್ಟ್ 9100ಕ್ಕೆ ಹೋಗುತ್ತದೆ. ಆಮೇಲೂ "ಆಫ್‌ಲೈನ್" ಎಂದು ತೋರಿಸಿದರೆ ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್‌ಗೆ ಹೋಗಿ ಕಾನ್ಫಿಗರ್ ಪೋರ್ಟ್ ಒತ್ತಿ, ಎಸ್‌ಎನ್‌ಎಂಪಿ ಸ್ಟೇಟಸ್ ಎಂಬುದರ ಟಿಕ್ ತೆಗೆಯಿರಿ. ವಿಂಡೋಸ್ ಆ ದಾರಿಯಲ್ಲಿ "ಇದ್ದೀಯಾ" ಎಂದು ಕೇಳುತ್ತದೆ, ಕ್ಯಾಂಪಸ್ ಫೈರ್‌ವಾಲ್ ಅದಕ್ಕೆ ಬಿಡುವುದಿಲ್ಲ, ಉತ್ತರ ಬರದಿದ್ದರೆ ಪ್ರಿಂಟರ್ ಸತ್ತಿದೆ ಎಂದು ತೀರ್ಮಾನ ಮಾಡಿಬಿಡುತ್ತದೆ.

ಲ್ಯಾಬ್‌ಕೀಲಿ:
ಇನ್ನೊಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವನು ನಾನು. ನಮ್ಮ ಕಡೆಯ ಮಾತೂ ಸ್ವಲ್ಪ ಕೇಳಿ. ವಿಭಾಗದ ಪ್ರಿಂಟರ್ ಹಾಸ್ಟೆಲ್ ವೈಫೈಗೆ ಕಾಣದಂತೆ ಇಟ್ಟಿರುವುದು ಬೇಕೆಂದೇ. ತೆರೆದಿಟ್ಟರೆ ರಾತ್ರಿ ಯಾರೋ ಇಡೀ ಪಠ್ಯಪುಸ್ತಕ ಕಳಿಸಿರುತ್ತಾರೆ, ಬೆಳಿಗ್ಗೆ ಟ್ರೇ ಖಾಲಿ, ಟೋನರ್ ಖಾಲಿ, ಪ್ರಿನ್ಸಿಪಾಲರು ನಮ್ಮನ್ನೇ ಕರೆಯುತ್ತಾರೆ. ಮೇಲಿನವರು ಹೇಳಿದ ನೇರ ಐಪಿ ದಾರಿ ಕೆಲಸ ಮಾಡುತ್ತದೆ, ಸುಳ್ಳಲ್ಲ, ಆದರೆ ಯಾರು ಎಷ್ಟು ಪುಟ ತೆಗೆದರು ಅನ್ನುವ ಲೆಕ್ಕ ಅದರಲ್ಲಿ ತಪ್ಪಿಹೋಗುತ್ತದೆ. ಅದಕ್ಕೇ ಪ್ರಿಂಟ್ ಸರ್ವರ್, ಅಂದರೆ ಎಲ್ಲರ ಪ್ರಿಂಟ್ ಹಾದುಹೋಗುವ ಒಂದು ಕಂಪ್ಯೂಟರ್, ಇಡುವುದು.

ನಿಮ್ಮ ಕಾಲೇಜಿನಲ್ಲಿ ಸರ್ವರ್ ಇದೆಯಾ ಎಂದು ಕೇಳಿ. ಇದ್ದರೆ ಸರ್ವರ್ ಹೆಸರು, ಪ್ರಿಂಟರ್ ಹೆಸರು, ಲಾಗಿನ್ ಬರೆಯುವ ರೀತಿ, ಈ ಮೂರು ಸಿಕ್ಕರೆ ಸಾಕು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎರಡು ಹಿಮ್ಮುಖ ಗೆರೆ ಹಾಕಿ ಸರ್ವರ್ ಹೆಸರು ಬರೆದರೆ ಹಂಚಿದ ಪ್ರಿಂಟರ್‌ಗಳು ಕಾಣುತ್ತವೆ, ಎರಡು ಸಲ ಕ್ಲಿಕ್ ಮಾಡಿದರೆ ಸೇರುತ್ತದೆ. ಹುಡುಗರು ಎಡವುವುದು ಲಾಗಿನ್‌ನಲ್ಲಿ. ಸ್ವಂತ ಲ್ಯಾಪ್‌ಟಾಪ್ ಕಾಲೇಜಿನ ಡೊಮೇನ್‌ಗೆ (ಕಾಲೇಜಿನ ಲಾಗಿನ್ ವ್ಯವಸ್ಥೆಗೆ) ಸೇರಿಲ್ಲ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯ ಹೆಸರನ್ನು ಕಳಿಸಿ ನೋಡುತ್ತದೆ, ಸರ್ವರ್ "ಯಾರು ನೀನು" ಅನ್ನುತ್ತದೆ. ಡೊಮೇನ್ ಹೆಸರು, ಹಿಮ್ಮುಖ ಗೆರೆ, ಆಮೇಲೆ ನಿಮ್ಮ ಕಾಲೇಜು ಐಡಿ, ಹೀಗೆ ಬರೆಯಬೇಕು. ಒಂದು ಸಲ ತಪ್ಪು ಪಾಸ್‌ವರ್ಡ್ ಉಳಿದುಬಿಟ್ಟಿದ್ದರೆ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಅಳಿಸಿ. ಕಾಲೇಜು ಪಾಸ್‌ವರ್ಡ್ ಬದಲಾಯಿಸಿದ ವಾರದಲ್ಲಿ ನಮ್ಮ ಬಾಗಿಲಿಗೆ ಬರುವವರಲ್ಲಿ ಜಾಸ್ತಿ ಜನ ಇದೇ ಕಾರಣಕ್ಕೆ ಬರುತ್ತಾರೆ.

ಕುಶಾಲನಗರ_ಕೋಡರ್:
ಸರ್ವರ್ ಮೂಲಕ ಸೇರಿಸುವಾಗ ಕೊನೆಗೆ 11ಬಿ ಎಂದಿರುವ ಎರರ್ ಬರುತ್ತದೆ ನೋಡಿ, ಅದಕ್ಕೆ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳಲ್ಲಿ, ಒಂದು ಬದಲಾವಣೆ ಇದೆ. ಯೂಟ್ಯೂಬ್‌ನಲ್ಲಿ ಸಿಗುತ್ತದೆ. ಎರಡು ನಿಮಿಷದ ಕೆಲಸ.

ಲ್ಯಾಬ್‌ಕೀಲಿ:
ದಯವಿಟ್ಟು ಬೇಡ. ಆ ಎರರ್‌ನ ಕಥೆ ಗೊತ್ತಾದರೆ ನೀವೂ ಬೇಡ ಅನ್ನುತ್ತೀರಿ. 2021ರಲ್ಲಿ ವಿಂಡೋಸ್‌ನ ಪ್ರಿಂಟ್ ಸ್ಪೂಲರ್‌ನಲ್ಲಿ (ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿ ಇಟ್ಟು ಕಳಿಸುವ ಭಾಗ) ದೊಡ್ಡ ತೂತು ಸಿಕ್ಕಿತು, ಪ್ರಿಂಟ್‌ನೈಟ್‌ಮೇರ್ ಎಂದು ಹೆಸರಾಯಿತು. ಪ್ರಿಂಟರ್ ಡ್ರೈವರ್ ನೆಪದಲ್ಲಿ ಯಾರು ಬೇಕಾದರೂ ಕಂಪ್ಯೂಟರ್‌ನ ಪೂರ್ತಿ ಹಿಡಿತ ತೆಗೆದುಕೊಳ್ಳಬಹುದಿತ್ತು. ಜುಲೈನಲ್ಲಿ ಮೈಕ್ರೋಸಾಫ್ಟ್ ತುರ್ತು ಅಪ್‌ಡೇಟ್ ಬಿಟ್ಟಿತು. ಆಗಸ್ಟ್‌ನ ಅಪ್‌ಡೇಟ್‌ನಿಂದ ಹಂಚಿದ ಪ್ರಿಂಟರ್‌ನ ಡ್ರೈವರ್ ಹಾಕಲು ಅಡ್ಮಿನ್ ಹಕ್ಕು ಕಡ್ಡಾಯವಾಯಿತು. ಈ 11ಬಿ ಬಂದಿದ್ದು ಅದೇ ವರ್ಷದ ಸೆಪ್ಟೆಂಬರ್ ಅಪ್‌ಡೇಟ್ ಆದಮೇಲೆ, ಅದು ಸ್ಪೂಲರ್‌ನ ಇನ್ನೊಂದು ತೂತಿಗೆ ಹಾಕಿದ ಬೀಗ. ಪ್ರಿಂಟರ್ ಹಂಚುವ ಕಂಪ್ಯೂಟರ್‌ಗೂ ಬಳಸುವವರಿಗೂ ನಡುವಿನ ಮಾತು ಗುಪ್ತವಾಗಿ ಇರಲೇಬೇಕು ಎಂಬ ನಿಯಮ. ನೀವು ಹೇಳುವ ಬದಲಾವಣೆ ಆ ಬೀಗ ತೆಗೆಯುತ್ತದೆ. ಅದೂ ಅಲ್ಲದೆ ಅದನ್ನು ಮಾಡಬೇಕಾದ್ದು ಪ್ರಿಂಟರ್ ಹಂಚುವ ಕಂಪ್ಯೂಟರ್‌ನಲ್ಲಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾಡಿದರೆ ಏನೂ ಆಗುವುದಿಲ್ಲ! ಎರಡೂ ಕಡೆ ವಿಂಡೋಸ್ ಅಪ್‌ಡೇಟ್ ಪೂರ್ತಿ ಆಗಿದೆಯಾ ನೋಡಿ. ಎಷ್ಟೋ ಸಲ ಹಂಚುವ ಕಂಪ್ಯೂಟರ್ ಅಪ್‌ಡೇಟ್ ಕಾಣದೆ ಬಹಳ ಕಾಲವಾಗಿರುತ್ತದೆ.

ಕುಶಾಲನಗರ_ಕೋಡರ್:
ಸರಿ, ಒಪ್ಪಿದೆ. ಆದರೆ ಲ್ಯಾಬ್‌ನವರು ಅಪ್‌ಡೇಟ್ ಮಾಡುವವರೆಗೆ ನಾವು ಏನು ಮಾಡಬೇಕು ಎನ್ನುವುದಕ್ಕೆ ನಿಮ್ಮ ಹತ್ತಿರ ಉತ್ತರ ಇಲ್ಲ ಅಲ್ವಾ?

ಲ್ಯಾಬ್‌ಕೀಲಿ:
ಇದೆ. ಬಂದು ಕೇಳಿ. ಪರೀಕ್ಷೆ ಮುಗಿದ ಮೇಲೆ ಅಲ್ಲ, ಮೊದಲು.

ಬೊಳ್ಳೂರುಬೀನ್ಸ್:
ನಮ್ಮ ಕ್ಯಾಂಪಸ್‌ನಲ್ಲಿ ಈ ರಗಳೆಯೇ ಇಲ್ಲ. ವೆಬ್ ಪುಟದಲ್ಲಿ ಲಾಗಿನ್ ಆಗಿ ಪಿಡಿಎಫ್ ಹಾಕುತ್ತೇವೆ, ಆಮೇಲೆ ಯಾವ ಪ್ರಿಂಟರ್ ಮುಂದೆ ಬೇಕಾದರೂ ಹೋಗಿ ಐಡಿ ಕೊಟ್ಟರೆ ಹಾಳೆ ಹೊರಗೆ ಬರುತ್ತದೆ. ಪೇಪರ್‌ಕಟ್ ಅಂತ ಸಾಫ್ಟ್‌ವೇರ್. ಡ್ರೈವರ್ ಬೇಡ, ಐಪಿ ಬೇಡ, ಮೊಬೈಲ್‌ನಿಂದಲೂ ಆಗುತ್ತದೆ. ನನ್ನ ಕೇಳಿದರೆ ಎಲ್ಲ ಕಾಲೇಜಿನವರೂ ಇಂಥದ್ದೇ ಹಾಕಬೇಕು. ಮಾರ್ಕ್ಸ್‌ಕಾರ್ಡ್, ಆಧಾರ್ ಎಲ್ಲ ಟ್ರೇಯಲ್ಲಿ ಬಿದ್ದಿರುವುದಂತೂ ತಪ್ಪುತ್ತದೆ.

ಸೋಮವಾರಪೇಟೆಯವ:
ಅದು ಬಹಳ ಒಳ್ಳೆಯದು, ಆದರೆ ದುಡ್ಡು ಕೊಟ್ಟು ತರಬೇಕು, ನೋಡಿಕೊಳ್ಳಲು ಒಬ್ಬರು ಬೇಕು. ಮೊದಲೆಲ್ಲ ಗೂಗಲ್ ಕ್ಲೌಡ್ ಪ್ರಿಂಟ್ ಪುಕ್ಕಟೆ ಇತ್ತು, 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿದರು. ಈಗಲೂ ಹಳೆಯ ಸಲಹೆಗಳಲ್ಲಿ ಅದನ್ನೇ ಬಳಸಿ ಎಂದು ಬರೆದಿರುತ್ತದೆ, ನಂಬಬೇಡಿ.

ಕಾವೇರಿಕಡೆ:
ಮ್ಯಾಕ್‌ನವರು ಯಾರಾದರೂ ಇದ್ದೀರಾ? ನನ್ನದು ಮ್ಯಾಕ್‌ಬುಕ್, ಸರ್ವರ್ ಇದೆ, ಪ್ರಿಂಟ್ ಕೊಟ್ಟರೆ "ಹೋಲ್ಡ್ ಫಾರ್ ಅಥೆಂಟಿಕೇಶನ್" ಎಂದು ನಿಂತುಬಿಡುತ್ತದೆ.

ಬೊಳ್ಳೂರುಬೀನ್ಸ್:
ಪ್ರಿಂಟ್ ಕ್ಯೂ ತೆರೆಯಿರಿ, ಆ ಕೆಲಸದ ಪಕ್ಕದಲ್ಲಿ ಸುತ್ತುಬಾಣದ ಗುಂಡಿ ಇರುತ್ತದೆ, ಒತ್ತಿದರೆ ಹೆಸರು ಪಾಸ್‌ವರ್ಡ್ ಕೇಳುತ್ತದೆ. ಮ್ಯಾಕ್‌ಗೆ ಲಾಗಿನ್ ಆಗುವ ಹೆಸರು ಕೊಡಬೇಡಿ, ಕಾಲೇಜಿನ ಐಡಿ ಕೊಡಿ. ಹಳೆಯ ಪಾಸ್‌ವರ್ಡ್ ಕೀಚೈನ್‌ನಲ್ಲಿ ಇದ್ದರೆ ಅಲ್ಲಿ ಹುಡುಕಿ ಅಳಿಸಿ. ನೇರ ಐಪಿ ಆದರೆ ಇನ್ನೂ ಸುಲಭ: ಆಡ್ ಪ್ರಿಂಟರ್‌ನಲ್ಲಿ ಗೋಳದ ಚಿಹ್ನೆ ಇರುವ ಟ್ಯಾಬ್, ಐಪಿ ಕೊಟ್ಟು ಪ್ರೊಟೊಕಾಲ್‌ನಲ್ಲಿ ಏರ್‌ಪ್ರಿಂಟ್ ಅಥವಾ ಐಪಿಪಿ ಆರಿಸಿ. ತೀರಾ ಹಳೆಯ ಪ್ರಿಂಟರ್ ಅಲ್ಲದಿದ್ದರೆ ಡ್ರೈವರ್ ಹುಡುಕುವ ಕೆಲಸವೇ ಇಲ್ಲ.

ಉಬುಂಟು_ಉತ್ತರಕೊಡಗು:
ಲಿನಕ್ಸ್‌ನಲ್ಲೂ ಇದೇ ಕಥೆ, ಯಾಕೆಂದರೆ ಎರಡರ ಹೊಟ್ಟೆಯಲ್ಲೂ ಇರುವುದು ಕಪ್ಸ್ ಎಂಬ ಪ್ರಿಂಟಿಂಗ್ ಸಾಫ್ಟ್‌ವೇರ್. 1999ರಲ್ಲಿ ಬಂತು, 2002ರಲ್ಲಿ ಆಪಲ್ ತನ್ನ ಮ್ಯಾಕ್‌ಗೆ ತೆಗೆದುಕೊಂಡಿತು, 2007ರಲ್ಲಿ ಅದರ ಮೂಲ ಕೋಡನ್ನೇ ಕೊಂಡುಕೊಂಡಿತು. ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್, ಕೋಲನ್, 631 ಹೊಡೆದರೆ ಅದರ ಪುಟ ಬರುತ್ತದೆ, ಪ್ರಿಂಟರ್ ಅಲ್ಲೇ ಸೇರಿಸಬಹುದು. ವಿಂಡೋಸ್‌ನವರು ಎರರ್ ನಂಬರ್ ಹಿಡಿದು ಅಲೆಯುವಾಗ ನಾವು ಆರಾಮಾಗಿ ಚಹಾ ಕುಡಿಯುತ್ತೇವೆ.

ಮಡಿಕೇರಿಮಂಜು_07:
ಕೊಡಗಿನಲ್ಲಿ ಕೂತು ಚಹಾ ಕುಡಿಯುವವನ ಮಾತು ಯಾರೂ ಕೇಳಬೇಡಿ.

ಹಾಸ್ಟೆಲ್‌ರೂಮು:
ಹೊಸ ಸುದ್ದಿ. ಲೈಬ್ರರಿ ಪ್ರಿಂಟರ್ ಐಪಿ ಕೊಟ್ಟು ಸೇರಿಸಿದೆ, ಸೇರಿತು. ಪ್ರಿಂಟ್ ಕೊಟ್ಟೆ, ಲ್ಯಾಪ್‌ಟಾಪ್‌ನಲ್ಲಿ "ಪ್ರಿಂಟೆಡ್" ಎಂದು ಬಂತು, ಪ್ರಿಂಟರ್ ದೀಪ ಒಮ್ಮೆ ಮಿನುಗಿತು. ಹಾಳೆ ಮಾತ್ರ ಇಲ್ಲ. ಎರರ್ ಕೂಡ ಇಲ್ಲ. ಇದೇನು ಮಾಟವೋ?

ಲ್ಯಾಬ್‌ಕೀಲಿ:
ಯೂಸರ್ ಕೋಡ್. ದೊಡ್ಡ ಮೆಷಿನ್‌ಗಳಲ್ಲಿ ವಿಭಾಗಕ್ಕೊಂದು ಕೋಡ್ ಇಟ್ಟಿರುತ್ತಾರೆ. ಕೋಡ್ ಇಲ್ಲದ ಕೆಲಸವನ್ನು ಅದು ತೆಗೆದುಕೊಂಡು ಸದ್ದಿಲ್ಲದೆ ಎಸೆಯುತ್ತದೆ. ಮೆಷಿನ್‌ನ ಪರದೆಯಲ್ಲಿ ಜಾಬ್ ಹಿಸ್ಟರಿ ನೋಡಿ, "ಕ್ಯಾನ್ಸಲ್ಡ್" ಎಂದು ಇರುತ್ತದೆ. ಲೈಬ್ರರಿಯವರಲ್ಲಿ ಕೋಡ್ ಕೇಳಿ ಪಡೆಯಿರಿ, ಗೆಳೆಯರದ್ದು ಬಳಸಬೇಡಿ, ಪುಟದ ಲೆಕ್ಕ ಅವರ ತಲೆಗೆ ಬರುತ್ತದೆ. ವಿಂಡೋಸ್ ತಾನಾಗಿ ಹಾಕಿಕೊಂಡ ಸಾಮಾನ್ಯ ಡ್ರೈವರ್‌ನಲ್ಲಿ ಕೋಡ್ ಬರೆಯುವ ಜಾಗವೇ ಇರುವುದಿಲ್ಲ. ನೀವು ಮೊದಲು ಇಳಿಸಿದ ಕಂಪನಿ ಡ್ರೈವರ್ ಈಗ ಉಪಯೋಗಕ್ಕೆ ಬರುತ್ತದೆ ನೋಡಿ.

ಹಾಸ್ಟೆಲ್‌ರೂಮು:
ಕೋಡ್ ಕೊಟ್ಟರು. ಈಗ ಪ್ರಿಂಟರ್ "ಲೋಡ್ ಲೆಟರ್" ಎಂದು ಹೇಳಿ ನಿಂತಿದೆ. ಟ್ರೇ ತುಂಬ ಹಾಳೆ ಇದೆ. ಹಿಂದೆ ನಾಲ್ಕು ಜನ ಕ್ಯೂನಲ್ಲಿ ನನ್ನನ್ನೇ ನೋಡುತ್ತಿದ್ದಾರೆ.

ಸೋಮವಾರಪೇಟೆಯವ:
ಬೇಗ ಕ್ಯಾನ್ಸಲ್ ಒತ್ತಿ! ಲೆಟರ್ ಎನ್ನುವುದು ಅಮೆರಿಕದ ಹಾಳೆಯ ಅಳತೆ, ಎ4ಗಿಂತ ಸ್ವಲ್ಪ ಅಗಲ, ಸ್ವಲ್ಪ ಗಿಡ್ಡ. ಇಲ್ಲಿ ಆ ಹಾಳೆ ಯಾರ ಹತ್ತಿರವೂ ಇಲ್ಲ. ಲ್ಯಾಪ್‌ಟಾಪ್‌ನ ಪ್ರದೇಶ ಯುನೈಟೆಡ್ ಸ್ಟೇಟ್ಸ್ ಎಂದಿದ್ದರೆ ಡ್ರೈವರ್ ಅದನ್ನೇ ಹಿಡಿಯುತ್ತದೆ. ಪ್ರಿಂಟಿಂಗ್ ಪ್ರಿಫರೆನ್ಸಸ್‌ನಲ್ಲಿ ಎ4 ಮಾಡಿ, ವರ್ಡ್‌ನ ಪೇಜ್ ಸೈಜ್ ಕೂಡ ನೋಡಿ, ಎರಡೂ ಕಡೆ ಬೇಕು. ಕೆಲಸ ಕ್ಯೂನಲ್ಲೇ ಸಿಕ್ಕಿಕೊಂಡು ಅಳಿಸಲೂ ಆಗದಿದ್ದರೆ ಸರ್ವಿಸಸ್‌ನಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಿ. ಸಿ ಡ್ರೈವ್‌ನ ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಫೋಲ್ಡರ್‌ನ ಒಳಗಿರುವುದನ್ನು ಅಳಿಸಿ ಮತ್ತೆ ಶುರು ಮಾಡಿ. ಫೋಲ್ಡರ್ ಅಳಿಸಬೇಡಿ, ಒಳಗಿನ ಫೈಲ್ ಮಾತ್ರ.

ಕನ್ನಡಎಂಎ:
ನನ್ನದು ಬೇರೆ ಗೋಳು. ಪ್ರಿಂಟ್ ಏನೋ ಬರುತ್ತದೆ, ಕನ್ನಡ ಮಾತ್ರ ಕಾಡುಭಾಷೆಯಾಗಿ ಬರುತ್ತದೆ. ನನ್ನ ಪ್ರಬಂಧ ಪೂರ್ತಿ ನುಡಿಯಲ್ಲಿದೆ. ಪೆನ್‌ಡ್ರೈವ್‌ನಲ್ಲಿ ವರ್ಡ್ ಫೈಲ್ ಒಯ್ದು ಲೈಬ್ರರಿ ಕಂಪ್ಯೂಟರ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂತೆ.

ಕುಶಾಲನಗರ_ಕೋಡರ್:
ಇದು ನನ್ನ ಏರಿಯಾ. ನುಡಿ, ಬರಹ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳು ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲ. ಫೈಲ್‌ನ ಒಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಅದನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೇ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಮುಖವಾಡ ಕಳಚುತ್ತದೆ. ಆದ್ದರಿಂದ ವರ್ಡ್ ಫೈಲ್ ಒಯ್ಯಲೇಬೇಡಿ. ನಿಮ್ಮ ಲ್ಯಾಪ್‌ಟಾಪ್‌ನಲ್ಲೇ "ಸೇವ್ ಆ್ಯಸ್ ಪಿಡಿಎಫ್" ಕೊಡಿ, ಫಾಂಟ್ ಪಿಡಿಎಫ್‌ನ ಒಳಗೇ ಹೋಗುತ್ತದೆ. ಹೊಸದಾಗಿ ಬರೆಯುವವರು ಯೂನಿಕೋಡ್‌ನಲ್ಲೇ ಬರೆಯಿರಿ, ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಫಾಂಟ್ ಇದ್ದೇ ಇರುತ್ತದೆ, ಹೊಸ ನುಡಿಯಲ್ಲೂ ಯೂನಿಕೋಡ್ ಬರುತ್ತದೆ.

ಕನ್ನಡಎಂಎ:
ಪಿಡಿಎಫ್ ಮಾಡಿದೆ, ಪರದೆಯಲ್ಲಿ ಸರಿ ಇದೆ. ಹಾಳೆಯಲ್ಲಿ ಒತ್ತಕ್ಷರಗಳು ಪಕ್ಕಕ್ಕೆ ಜಾರಿವೆ.

ಕುಶಾಲನಗರ_ಕೋಡರ್:
ಅದು ಪ್ರಿಂಟರ್ ಡ್ರೈವರ್‌ನ ಎಡವಟ್ಟು. ಅಡೋಬಿ ರೀಡರ್‌ನಲ್ಲಿ ಪ್ರಿಂಟ್, ಅಡ್ವಾನ್ಸ್ಡ್, "ಪ್ರಿಂಟ್ ಆ್ಯಸ್ ಇಮೇಜ್" ಟಿಕ್ ಮಾಡಿ. ಪುಟವನ್ನು ಚಿತ್ರವಾಗಿ ಕಳಿಸುತ್ತದೆ, ಒತ್ತಕ್ಷರ ಜಾರಲು ಜಾಗವೇ ಇರುವುದಿಲ್ಲ. ಸ್ವಲ್ಪ ನಿಧಾನ ಆಗುತ್ತದೆ. ಕಂಪನಿಯವರು ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಎಂದು ಎರಡು ಡ್ರೈವರ್ ಕೊಟ್ಟಿದ್ದರೆ ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿ ನೋಡುವುದೂ ಒಳ್ಳೆಯದು.

ಕನ್ನಡಎಂಎ:
ಬಂತು! ಒತ್ತು, ದೀರ್ಘ, ಎಲ್ಲ ತಮ್ಮ ತಮ್ಮ ಜಾಗದಲ್ಲಿ. ಗೈಡ್ ಇನ್ನು ಬೇರೆ ತಪ್ಪು ಹುಡುಕಲಿ.

ಲ್ಯಾಬ್‌ಕೀಲಿ:
ಈ ಮಾತು ಬಂದಾಗಲೇ ಹೇಳಿಬಿಡುತ್ತೇನೆ, ಪೆನ್‌ಡ್ರೈವ್ ತಂದು ಲ್ಯಾಬ್ ಕಂಪ್ಯೂಟರ್‌ಗೆ ಚುಚ್ಚುವವರು ಮೊದಲು ಸ್ಕ್ಯಾನ್ ಮಾಡಿ. ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗುವ ಹಳೆಯ ವೈರಸ್ ಇನ್ನೂ ನಮ್ಮ ಕಡೆ ಬದುಕಿದೆ.

ಇನ್ನೊಂದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಜಿಲ್ಲೆಯಲ್ಲಿ ಅರ್ಧ ದೂರು ಲ್ಯಾಪ್‌ಟಾಪ್‌ನದ್ದೇ ಅಲ್ಲ, ಹಾಳೆಯದ್ದು. ತೆರೆದಿಟ್ಟ ಕಟ್ಟು ಈ ಹವೆಯಲ್ಲಿ ತೇವ ಹೀರುತ್ತದೆ. ಲೇಸರ್ ಪ್ರಿಂಟರ್‌ನ ಫ್ಯೂಸರ್ (ಟೋನರನ್ನು ಹಾಳೆಗೆ ಅಂಟಿಸುವ ಬಿಸಿ ಭಾಗ) ಸುಮಾರು 200 ಡಿಗ್ರಿ ಬಿಸಿ ಇರುತ್ತದೆ, ಒಳಗಿನ ತೇವ ಆವಿಯಾಗಿ ಹಾಳೆ ಸುರುಟುತ್ತದೆ, ಸಿಕ್ಕಿಕೊಳ್ಳುತ್ತದೆ. ತೇವದ ಹಾಳೆಗೆ ಟೋನರ್ ಕೂಡ ಸರಿಯಾಗಿ ಹಿಡಿಯುವುದಿಲ್ಲ, ಅಕ್ಷರ ಮಾಸಿದಂತೆ ಬರುತ್ತದೆ. ಹುಡುಗರು ಡ್ರೈವರ್ ಬದಲಾಯಿಸುತ್ತಾ ಕೂರುತ್ತಾರೆ. ಕಟ್ಟಿನ ಪ್ಲಾಸ್ಟಿಕ್ ಹೊದಿಕೆ ಪೂರ್ತಿ ಹರಿಯಬೇಡಿ, ಬೇಕಾದಷ್ಟು ತೆಗೆದು ಉಳಿದದ್ದನ್ನು ಸುತ್ತಿ ಇಡಿ. ಸ್ವಂತ ರಿಪೋರ್ಟ್‌ಗೆ ಒಳ್ಳೆಯ ಹಾಳೆ ತರುವವರು ಕೊಡೆಯ ಕೆಳಗೆ ಬರೀ ಕೈಯಲ್ಲಿ ಹಿಡಿದು ತರಬೇಡಿ.

ಕಾವೇರಿಕಡೆ:
ಕರೆಂಟ್ ವಿಷಯ ಬಿಟ್ಟಿರಿ. ನಮ್ಮಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಪ್ರಿಂಟರ್ ಇದ್ದಕ್ಕಿದ್ದಂತೆ ಯಾರಿಗೂ ಸಿಗುವುದಿಲ್ಲ. ಎಲ್ಲರೂ ಮತ್ತೆ ಸೇರಿಸಬೇಕು.

ಸೋಮವಾರಪೇಟೆಯವ:
ಐಪಿ ಬದಲಾಗಿದೆ ಅಷ್ಟೇ. ಪ್ರಿಂಟರ್ ಮತ್ತೆ ಎದ್ದಾಗ ಡಿಎಚ್‌ಸಿಪಿ (ಐಪಿ ತಾನಾಗಿ ಹಂಚುವ ವ್ಯವಸ್ಥೆ) ಬೇರೆ ವಿಳಾಸ ಕೊಟ್ಟಿರುತ್ತದೆ, ನಿಮ್ಮ ಲ್ಯಾಪ್‌ಟಾಪ್ ಹಳೆಯ ವಿಳಾಸಕ್ಕೇ ಕಳಿಸುತ್ತಿರುತ್ತದೆ. ರೂಟರ್‌ನಲ್ಲಿ ಆ ಪ್ರಿಂಟರ್‌ಗೆ ಒಂದು ವಿಳಾಸ ಕಾಯಂ ಮಾಡಿಟ್ಟರೆ ಮುಗಿಯಿತು. ಅದು ನಿಮ್ಮ ಲ್ಯಾಬ್‌ನವರ ಕೆಲಸ, ಆದರೆ ಯಾರಾದರೂ ಕೇಳದಿದ್ದರೆ ಯಾವತ್ತೂ ಆಗುವುದಿಲ್ಲ. ಹಾಗೆಯೇ ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಿಡುವವರಿದ್ದಾರೆ, ಅದೂ ಬೇಡ. ಫ್ಯೂಸರ್ ಬಿಸಿಯಾಗುವಾಗ ಒಮ್ಮೆಲೇ ಎಳೆಯುವ ಕರೆಂಟ್ ಚಿಕ್ಕ ಯುಪಿಎಸ್ ತಡೆಯುವುದಿಲ್ಲ.

ಹಾಸ್ಟೆಲ್‌ರೂಮು:
ಎ4 ಮಾಡಿದೆ, ಕೋಡ್ ಕೊಟ್ಟೆ, ಬಂತು. ಎಲ್ಲರಿಗೂ ದೊಡ್ಡ ನಮಸ್ಕಾರ. ವಿಭಾಗದ ಚಿಕ್ಕ ಪ್ರಿಂಟರ್‌ಗೆ ಹಾಸ್ಟೆಲ್‌ನಿಂದ ಬಿಡುವುದಿಲ್ಲ ಎಂದು ಸರ್ ಸ್ಪಷ್ಟವಾಗಿ ಹೇಳಿದರು, ಲ್ಯಾಬ್‌ಕೀಲಿಯವರು ಹೇಳಿದ ಕಾರಣವನ್ನೇ ಹೇಳಿದರು. ನನಗೆ ಆ ಕಾರಣ ಈಗಲೂ ಪೂರ್ತಿ ಒಪ್ಪಿಗೆಯಿಲ್ಲ, ಪುಟಕ್ಕೆ ಮಿತಿ ಹಾಕಿ ಬಿಡಬಹುದಲ್ಲ? ಇರಲಿ. ಒಂದೇ ಒಂದು ಉಳಿದಿದೆ. ಲ್ಯಾಬ್ ಕಂಪ್ಯೂಟರ್‌ನಿಂದ ಹಾಳೆಯ ಎರಡೂ ಬದಿ ಬರುತ್ತದೆ, ನನ್ನದರಲ್ಲಿ ಆ ಆಯ್ಕೆ ಮಂಕಾಗಿದೆ, ಒತ್ತಲು ಆಗುತ್ತಿಲ್ಲ.

ಲ್ಯಾಬ್‌ಕೀಲಿ:
ಕೈಯಿಂದ ಐಪಿ ಕೊಟ್ಟು ಸೇರಿಸಿದಾಗ, ಮೆಷಿನ್‌ನಲ್ಲಿ ಏನೇನು ಭಾಗ ಇದೆ ಎಂದು ಡ್ರೈವರ್‌ಗೆ ಕೆಲವೊಮ್ಮೆ ಗೊತ್ತಾಗುವುದಿಲ್ಲ. ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಡಿವೈಸ್ ಸೆಟ್ಟಿಂಗ್ಸ್ ಟ್ಯಾಬ್‌ಗೆ ಹೋಗಿ, ಡ್ಯೂಪ್ಲೆಕ್ಸ್ ಯೂನಿಟ್ (ಎರಡೂ ಬದಿ ಪ್ರಿಂಟ್ ಮಾಡುವ ಭಾಗ) "ನಾಟ್ ಇನ್‌ಸ್ಟಾಲ್ಡ್" ಎಂದಿರುತ್ತದೆ, "ಇನ್‌ಸ್ಟಾಲ್ಡ್" ಮಾಡಿ ಓಕೆ ಕೊಡಿ. ಪ್ರಿಂಟ್ ಕೊಡುವಾಗ "ಲಾಂಗ್ ಎಡ್ಜ್" ಆರಿಸಿ, ಶಾರ್ಟ್ ಎಡ್ಜ್ ಕೊಟ್ಟರೆ ಹಿಂದಿನ ಪುಟ ತಲೆಕೆಳಗಾಗಿ ಬರುತ್ತದೆ. ಪುಟದ ಮಿತಿಯ ಸಲಹೆ ಒಳ್ಳೆಯದಿದೆ, ಬರೆದು ನಿಮ್ಮ ವಿಭಾಗಕ್ಕೆ ಕೊಡಿ. ನಮ್ಮಲ್ಲಿ ನಾನೂ ಕೇಳಿ ನೋಡುತ್ತೇನೆ.